ಮಾಪಣ್ಣ ಬಿಟ್ಟ ಚಿಗರಿಗಳು

ಕಮಲಾಪುರದ ಬಾಳೆತೋಟಗಳು ಮುಗಿದು, ಕೆಂಪು ಮರಡಿ ಇಳಿದು, ಎರೆಭೂಮಿ ಶುರುವಾಗುವ ಕಡೆ ಅಣವೀರಪ್ಪ ಗೌಡರ ಹೊಲವಿತ್ತು. ಆ ಹೊಲದ ಕಾವಲುಗಾರ ಮಾಪಣ್ಣ. ಹಿಂಗಾರಿ ಜೋಳ ಮೊಳಕೆಯೊಡೆದ ದಿನದಿಂದ ರಾಶಿ ಆಗುವವರೆಗೆ ಅವನ ಊಟ, ನಿದ್ದೆ, ಬೀಡಿ ಎಲ್ಲ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲೇ. ಹಕ್ಕಿಗಳಿಗೆ ಕವಣೆ ಸಾಕಾಗುತ್ತಿತ್ತು. ಹಂದಿಗಳು ಹಲಗೆ ಬಾರಿಸಿದ ಸದ್ದಿಗೆ ಓಡುತ್ತಿದ್ದವು. ಚಿಗರಿಗಳು, ಮರಡಿಯ ಆ ಕೃಷ್ಣಮೃಗಗಳು, ಮಾತ್ರ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಮರಡಿಯಿಂದ ಇಪ್ಪತ್ತು ಮೂವತ್ತರ ಹಿಂಡು ಇಳಿದು ಬಂತೆಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ನಾಲ್ಕು ಸಾಲು ಎಳೆ ಜೋಳ ನೆಲಮಟ್ಟ.

ಅದಕ್ಕೇ ಗೌಡರು ನಿಜಾಮ ಸರ್ಕಾರದ ಪರವಾನಿಗೆ ತೆಗೆಸಿ, ನಳಿಗೆಯ ಬಾಯಿಂದ ಮದ್ದು ಗಟ್ಟಿಸಿ ತುಂಬುವ ಉದ್ದ ಬಂದೂಕೊಂದನ್ನು ಮಾಪಣ್ಣನ ಕೈಗೆ ಕೊಟ್ಟರು. ಅದು ನಲವತ್ತೊಂದನೇ ಇಸವಿಯ ದೀಪಾವಳಿ. ಗೌಡರು ಕೊರಳಲ್ಲಿ ಲಿಂಗ ಧರಿಸಿದವರು, ಅವರ ಮನೆಯಲ್ಲಿ ತತ್ತಿಯ ಹೆಸರೂ ಎತ್ತುವಂತಿರಲಿಲ್ಲ. ಬಂದೂಕು ಕೊಡುವಾಗ ಅವರ ಕೈ ಒಂದಿಷ್ಟು ಹಿಂದುಮುಂದಾಯಿತು.

“ಬರೇ ಮದ್ದು ಹಾಕಿ ಹಾರಿಸು ಮಾಪಣ್ಣ, ಸಪ್ಪಳಕ್ಕೇ ಓಡ್ತಾವ,” ಎಂದರು. “ಗುಂಡು ಹಾಕೂದು ವರ್ಷಕ್ಕ ಒಂದೇ ಸಲ. ನಿಮ್ಮ ಕೇರಿಯವರು ತಿನ್ನೋ ಮಂದಿ, ನಾ ಬ್ಯಾಡ ಅನ್ನಂಗಿಲ್ಲ. ಈ ದೀಪಾವಳಿಯಿಂದ ಮುಂದಿನ ದೀಪಾವಳಿಗೆ ಒಂದೇ ಜೀವ. ಎರಡನೇದು ಬಿದ್ದ ದಿನ ಬಂದೂಕು ನನ್ನ ಮನೀಗೆ ವಾಪಸ್ ಬರಬೇಕು.”

“ಆಯ್ತ್ರೀ ಗೌಡ್ರ,” ಎಂದ ಮಾಪಣ್ಣ. ಆಗ ಅವನಿಗೆ ಇಪ್ಪತ್ತಾರು. ಶೇವಂತಾಳ ಜೊತೆ ಮದುವೆಯಾಗಿ ಒಂದು ವರ್ಷ ತುಂಬಿತ್ತು.

ಬಂದೂಕು ಬಂದ ಐದನೇ ದಿನಕ್ಕೇ ಅವನು ಗುಂಡು ಹಾಕಿದ. ಹಿಂಡಿನ ಅಂಚಿನಲ್ಲಿ ಮೇಯುತ್ತಿದ್ದ ಎಳೆಗಂಡು ಅದು. ಮೈ ಇನ್ನೂ ಕಂದು, ಕೋಡಿಗೆ ಒಂದೇ ಸುತ್ತು. ಒಂದೇ ಏಟಿಗೆ ಬಿತ್ತು. ಹೆಗಲ ಮೇಲೆ ಹೊತ್ತುಕೊಂಡು ಕೇರಿಗೆ ಬಂದಾಗ ಜನ ಹಬ್ಬದ ಹಾಗೆ ಸೇರಿದರು. ಶೇವಂತಾ ಖಾರ ಅರೆದದ್ದೇ ಅರೆದದ್ದು. ಪಾಲು ಹಾಕಿಸಿಕೊಂಡು ಹೋಗುವ ಹೆಂಗಸರೆಲ್ಲ ಅವಳ ಗಂಡನ ಗುರಿಯನ್ನು ಹೊಗಳಿದರು. ಆ ದಿನ ಅವಳ ಮುಖದಲ್ಲಿದ್ದ ಕಳೆಯನ್ನು ಮಾಪಣ್ಣ ಬಹಳ ದಿನ ನೆನೆಯುತ್ತಿದ್ದ.

ಅದಾಗಿ ಮೂರು ದಿನಕ್ಕೆ, ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಅವನು ಅದನ್ನು ಕಂಡ. ಅಟ್ಟಣಿಗೆಯಿಂದ ಮೂವತ್ತು ಹೆಜ್ಜೆ ಆಚೆ, ಬದುವಿನ ಮೇಲೆ ಒಂಟಿಯಾಗಿ ನಿಂತಿತ್ತು. ಬೆನ್ನು, ಕುತ್ತಿಗೆ ಕಾಡಿಗೆಯಂತೆ ಕಪ್ಪು. ಹೊಟ್ಟೆ ಆಗಷ್ಟೇ ಸುಣ್ಣ ಬಳಿದಂತೆ ಬಿಳಿ. ಎಡಗಿವಿ ಯಾವುದೋ ಕಾಳಗದಲ್ಲಿ ಹರಿದು ಸೀಳಿತ್ತು. ಕೋಡುಗಳು ಒಂದು, ಎರಡು, ಮೂರು ಎಂದು ಸುತ್ತುತ್ತಾ ಹೋಗಿ ಐದನೇ ಸುತ್ತಿಗೆ ಆಕಾಶದಲ್ಲಿ ಅಗಲಿದ್ದವು. ಮಾಪಣ್ಣನ ಅಪ್ಪ ಕಂಡಿರಲಿಲ್ಲ, ಅಜ್ಜ ಕಂಡಿರಲಿಲ್ಲ ಅಂಥ ಕೋಡು. ಅದು ಅವನನ್ನೇ ನೋಡುತ್ತ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತಿತು. ಮಾಪಣ್ಣ ಬಂದೂಕಿನ ಮೇಲೆ ಕೈಯಿಟ್ಟು ಕುಳಿತೇ ಇದ್ದ. ಆ ವರ್ಷದ ಒಂದು ಮುಗಿದಿತ್ತು. ಗೌಡರ ಮಾತು ಮೀರಿದರೆ ಕೇಳುವವರು ಯಾರು ಎಂದು ಒಂದು ಗಳಿಗೆ ಅನಿಸಿದ್ದೂ ಹೌದು. ಆದರೆ ಆಡಿದ ಮಾತು ಮೀರುವ ಜಾಯಮಾನ ಅವನದಲ್ಲ. ಚಿಗರಿ ತಾನಾಗಿಯೇ ತಿರುಗಿ, ಅವಸರವಿಲ್ಲದೆ ಮರಡಿ ಹತ್ತಿ ಹೋಯಿತು.

ಇದನ್ನು ಅವನು ಶೇವಂತಾಳಿಗೆ ಹೇಳಲಿಲ್ಲ. ಕೇರಿಯೆಲ್ಲ ಉಂಡು ಹರಸಿದ ಮಾಂಸ ಅದು, ಅವಳಿನ್ನೂ ಅದೇ ಸಂತೋಷದಲ್ಲಿದ್ದಳು. ಅದನ್ನು ಹೊಡೆದದ್ದೇ ತಪ್ಪಾಯಿತು ಎಂದು ಯಾವ ಬಾಯಿಂದ ಹೇಳುವುದು? ನಕ್ಕಾಳು ಎಂಬ ಅಂಜಿಕೆಯೂ ಇತ್ತು. ಆದರೆ ಮನಸ್ಸಿನಲ್ಲಿ ಒಂದು ಮಾತು ಕಟ್ಟಿಕೊಂಡ: ಇನ್ನು ಮುಂದೆ ಸಣ್ಣದಕ್ಕೆ ಕೈಯೆತ್ತುವುದಿಲ್ಲ.

ಮುಂದಿನ ದೀಪಾವಳಿ ಬಂತು. ಎಳೆಗಂಡುಗಳು ಮೊದಲಿನಂತೆಯೇ ಬಂದವು. ಒಂದು ಸುತ್ತಿನವು, ಎರಡು ಸುತ್ತಿನವು, ಹೆಗಲ ಮೇಲೆ ಆಗಷ್ಟೇ ಕಪ್ಪು ಇಳಿಯುತ್ತಿದ್ದವು. ಮಾಪಣ್ಣ ಬಂದೂಕೆತ್ತಿ, ಕೋಡು ನೋಡಿ, ಕೆಳಗಿಡುತ್ತಿದ್ದ. ಆಮೇಲೆ ಬರೀ ಮದ್ದು ಹಾರಿಸಿ ಅವನ್ನು ಓಡಿಸುತ್ತಿದ್ದ. ದೊಡ್ಡದು ಆ ವರ್ಷ ಎರಡೇ ಸಲ ಕಂಡಿತು, ಎರಡೂ ಸಲ ಗುಂಡಿನ ಅಳತೆಗೆ ಮೀರಿ, ಮರಡಿಯ ನೆತ್ತಿಯ ಮೇಲೆ.

ಊಟದ ಗಂಟು ತೆಗೆದುಕೊಂಡು ಹೋಗಲು ಅವನು ಮನೆಗೆ ಬಂದಾಗಲೆಲ್ಲ ಶೇವಂತಾ ಒರಳ ಮುಂದೆ ಕುಳಿತಿರುತ್ತಿದ್ದಳು.

“ಖಾರ ಅರದೀನಿ. ಎಲ್ಲಿ?”

“ಸಣ್ಣದಿತ್ತು.”

ಹಾಗೆ ಬರಿಗೈಯಲ್ಲಿ ಬಂದ ಮೊದಲ ವರ್ಷ ಅವಳು ನಕ್ಕಳು. “ನಾವಿಬ್ಬರು ಮನ್ಯಾಗ. ಎಷ್ಟು ದೊಡ್ಡದು ಬೇಕಪ್ಪಾ ನಿನಗ?” ಎಂದು ಅರೆದ ಖಾರವನ್ನು ಬದನೆಕಾಯಿಗೆ ಹಾಕಿದಳು. ಎರಡನೇ ವರ್ಷ ನಗಲಿಲ್ಲ. ಕೇರಿಯ ಜನ ಅಷ್ಟರಲ್ಲಿ ಆಡಿಕೊಳ್ಳಲು ಶುರುಮಾಡಿದ್ದರು. ಯಾರಾದರೂ ಕೊಡುತ್ತೇನೆಂದು ಹೇಳಿ ಕೊಡದಿದ್ದರೆ “ಅದು ಮಾಪಣ್ಣನ ಚಿಗರಿ ಆಯ್ತು ಬಿಡು” ಅನ್ನುತ್ತಿದ್ದರು. ಅವನಿಗೆ ಗುರಿಯೇ ಇಲ್ಲ, ಮೊದಲನೆಯದು ಕಣ್ಣು ಮುಚ್ಚಿ ಹೊಡೆದದ್ದು ಎಂದೂ ಅಂದರು. ಮಾಪಣ್ಣ ಹೊಲದಲ್ಲಿರುತ್ತಿದ್ದ, ಅವನ ಕಿವಿಗೆ ಬೀಳುತ್ತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೇಳಿಸಿಕೊಳ್ಳಬೇಕಾದವಳು ಶೇವಂತಾ.

ಮೂರನೇ ವರ್ಷ ಅವಳು ಹೊಲಕ್ಕೇ ಬಂದಳು. ಅವಳು ಅಟ್ಟಣಿಗೆಯ ಕೆಳಗೆ ನಿಂತಿದ್ದಾಗಲೇ ಎರಡು ಸುತ್ತಿನ ಗಂಡೊಂದು ಎದುರಿಗೆ ಮೇಯುತ್ತಿತ್ತು.

“ಅಲ್ಲೇ ಅದ ನೋಡು! ಹೊಡಿ!”

ಮಾಪಣ್ಣ ತಲೆಯಾಡಿಸಿದ. “ಸಣ್ಣದು.”

“ನಾ ಸಣ್ಣದನ್ನೇ ತಿಂತೀನಿ. ನಾ ಸಣ್ಣದನ್ನೇ ಬೇಡ್ತೀನಿ. ನೀ ಯಾರ ಸಲುವಾಗಿ ಕಾಯಾಕತ್ತೀದಿ?”

ಚಿಗರಿ ಅವಳ ದನಿ ಕೇಳಿ ಹಾರಿಹೋಯಿತು. ಅವಳು ತಂದಿದ್ದ ರೊಟ್ಟಿಯ ಗಂಟನ್ನು ಕಂಬದ ಬುಡಕ್ಕೆ ಇಟ್ಟು ಹೋದಳು.

ನಾಲ್ಕನೇ ವರ್ಷ ರಾಶಿ ಮುಗಿದು ಅವನು ಕಂಬಳಿ ಸುತ್ತಿಕೊಂಡು ಮನೆಗೆ ಬಂದಾಗ ಅವಳ ಸೀರೆಯ ಗಂಟು ಬಾಗಿಲಲ್ಲಿತ್ತು. ಮಾಂಸಕ್ಕಾಗಿ ಯಾರೂ ಗಂಡನನ್ನು ಬಿಡುವುದಿಲ್ಲ. ವರ್ಷದಲ್ಲಿ ಐದು ತಿಂಗಳು ಒಬ್ಬಳೇ ಇರುವ ಮನೆ, ಅದರಲ್ಲಿ ಮಕ್ಕಳಿಲ್ಲ, ಗಂಡ ಬಂದರೂ ಬಾಯಿಂದ ಉದುರುವುದು ಒಂದೇ ಮಾತು.

“ನಿನಗ ಯಾವುದೂ ಸಾಲಂಗಿಲ್ಲ,” ಎಂದಳು ಅವಳು. “ನಾನೂ ಸಾಲಂಗಿಲ್ಲೇನೋ.”

“ಹಂಗಲ್ಲ ಶೇವಂತಾ,” ಎಂದ ಮಾಪಣ್ಣ. ಹೇಗೆ ಎಂದು ಹೇಳುವುದು ಅವನಿಗೆ ಬರಲಿಲ್ಲ. ಅವಳು ತವರಿಗೆ ಹೋದಳು. ಒಂದು ವರ್ಷದ ಮೇಲೆ ಹಿರಿಯರು ಕೂತು ಬಿಡುಗಡೆ ಮಾಡಿದರು. ಹೆಂಡತಿ ಸತ್ತಿದ್ದ ಮಹಾಗಾಂವದ ದತ್ತಪ್ಪನೆಂಬವನು ಅವಳಿಗೆ ಉಡಕಿ ಸೀರೆ ಉಡಿಸಿ, ಮರುಮದುವೆ ಮಾಡಿಕೊಂಡು ಹೋದ ಎಂಬ ಸುದ್ದಿ ಮಾಪಣ್ಣನಿಗೆ ಅಟ್ಟಣಿಗೆಯ ಮೇಲೇ ಮುಟ್ಟಿತು.

ಅಲ್ಲಿಂದ ಮುಂದೆ ಅವನ ಮಾತು ಕೇಳುವ ಮನುಷ್ಯ ಎಂದರೆ ಲಾಲ್ ಅಹ್ಮದ್ ಒಬ್ಬರೇ. ಕಲಬುರಗಿಯಲ್ಲಿ ಕೋಟೆಯ ಕಡೆಯ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಬಂದೂಕು ರಿಪೇರಿ, ಮದ್ದು, ಸೀಸದ ಗುಂಡು, ಬಂದೂಕಿನ ಸುತ್ತಿಗೆಯ ಕೆಳಗೆ ಇಟ್ಟು ಕಿಡಿ ಹಾರಿಸುವ ತಾಮ್ರದ ಟೋಪಿ. ಮಾಪಣ್ಣ ವರ್ಷಕ್ಕೊಮ್ಮೆ ಗೌಡರ ಚೀಟಿ ಹಿಡಿದು ಎಂಟು ಹರದಾರಿ ನಡೆದು ಹೋಗುತ್ತಿದ್ದ. ಮೊದಮೊದಲು ಸಾಮಾನು ಕೊಟ್ಟು ಕಳಿಸುತ್ತಿದ್ದ ಲಾಲ್ ಅಹ್ಮದ್, ಒಂದು ವರ್ಷ ಚೀಟಿ ನೋಡಿ ಕೇಳಿದರು.

“ಎಲ್ಲಾರೂ ಗುಂಡು ಜಾಸ್ತಿ ಒಯ್ತಾರ. ನೀನು ಹೋದ ವರ್ಷದ್ದೇ ಉಳಿದದ ಅಂತೀ. ಕ್ಯಾ ಬಾತ್ ಹೈ?”

ಮಾಪಣ್ಣ ನಿಂತಲ್ಲೇ ಎಲ್ಲ ಹೇಳಿಬಿಟ್ಟ. ಗೌಡರ ಕರಾರು, ಎಳೆಗಂಡು, ಬದುವಿನ ಮೇಲೆ ನಿಂತ ಐದು ಸುತ್ತು. ಲಾಲ್ ಅಹ್ಮದ್ ನಗಲಿಲ್ಲ. ಕೈಯಲ್ಲಿದ್ದ ಅರ ಕೆಳಗಿಟ್ಟು, “ಹೊಡೆಯೋದು ಯಾರಿಗೂ ಬರ್ತದ ಭಾಯಿ. ಬಿಡೋದಕ್ಕೆ ದಮ್ ಬೇಕು,” ಎಂದರು. ಒಳಗಿಂದ ಚಹಾ ತರಿಸಿದರು. ಕೋಡನ್ನು ಬುಡದಿಂದ ತುದಿಗೆ, ಸುತ್ತಿನ ಗುಂಟ ದಾರ ಹಾಯಿಸಿ ಹೇಗೆ ಅಳೆಯಬೇಕು ಎಂದು ಬಂದೂಕಿನ ನಳಿಗೆಯ ಮೇಲೆ ತೋರಿಸಿದರು. ಅವತ್ತಿನಿಂದ ಆ ಚಿಗರಿಗೆ ನವಾಬ ಎಂದು ಹೆಸರಾಯಿತು. ಮಾಪಣ್ಣ ಗಲ್ಲಿಯ ತಿರುವಿನಲ್ಲಿ ಕಂಡರೆ ಸಾಕು, “ಬಂದನೇನಪ್ಪಾ ನವಾಬ?” ಎಂದು ಅಂಗಡಿಯಿಂದಲೇ ಕೂಗುತ್ತಿದ್ದರು.

“ಇಲ್ರೀ ಸಾಬ್. ಮ್ಯಾಲೇ ನಿಂತು ನೋಡಿ ಹೋದ.”

“ಬರ್ತಾನ, ಬರ್ತಾನ.”

ಆ ಒಂದು ಚಹಾ, ಆ ನಾಲ್ಕು ಮಾತು ಅವನಿಗೆ ಇಡೀ ವರ್ಷಕ್ಕೆ ಆಗುತ್ತಿತ್ತು.

ನಲವತ್ತೇಳರ ಕೊನೆಗೆ ಕಾಲ ಕೆಟ್ಟಿತು. ಊರೂರಿಗೆ ರಜಾಕಾರರು ಬಂದು ಹೋಗುವುದು, ಧಾನ್ಯ ಎತ್ತಿಕೊಂಡು ಹೋಗುವುದು, ಮನೆಗೆ ಬೆಂಕಿ ಇಡುವುದು ಶುರುವಾಯಿತು. ಬಂದೂಕಿದ್ದ ಮನೆಯನ್ನು ಅವರು ಬಿಡುತ್ತಿರಲಿಲ್ಲ. ಗೌಡರು ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಸೊಲ್ಲಾಪುರದ ಕಡೆ ಹೊರಟರು.

“ಬಂದೂಕು ಯಾರ ಕೈಗೂ ಸಿಗಬಾರದು ಮಾಪಣ್ಣ. ಸಪ್ಪಳಾನೂ ಕೇಳಿಸಬಾರದು.”

ಮಾಪಣ್ಣ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಜೋಳದ ಕಣಿಕೆಯ ಬಣವೆಯ ಹೊಟ್ಟೆಯಲ್ಲಿ ಹುಗಿದ. ರಜಾಕಾರರು ಎರಡು ಸಲ ಬಂದು ಅವನನ್ನು ಕೇಳಿದರು, ಒಮ್ಮೆ ಹೊಡೆದರು. ಕವಣೆ ತೋರಿಸಿ ಇದೊಂದೇ ನನ್ನ ಹತ್ಯಾರ ಎಂದ. ಊರು ಅರ್ಧ ಖಾಲಿ. ಹೊಲದಲ್ಲಿ ಅವನು, ಬಣವೆ ಮತ್ತು ಚಿಗರಿಗಳು. ವರ್ಷವಿಡೀ ಸದ್ದು ಕೇಳದ ಎಳೆಗಂಡುಗಳು ಅಟ್ಟಣಿಗೆಯ ಕಂಬಕ್ಕೇ ಮೈಯುಜ್ಜುವಷ್ಟು ಹತ್ತಿರ ಬರುತ್ತಿದ್ದವು. ನವಾಬ ಬೇಸಿಗೆಯವರೆಗೆ ಆಗಾಗ ಮರಡಿಯ ಮೇಲೆ ಕಾಣಿಸಿಕೊಂಡ. ಮಳೆ ಹತ್ತಿದ ಮೇಲೆ ಕಾಣಲಿಲ್ಲ. ಗದ್ದಲಕ್ಕೆ ಅಂಜಿ ದೂರ ಸರಿದಿದ್ದಾನೆ, ಬಿತ್ತಿಗೆಗೆ ಮರಳಿ ಬರುತ್ತಾನೆ ಎಂದುಕೊಂಡ ಮಾಪಣ್ಣ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ದಂಡು ಬಂತು. ಐದು ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು ಎಂದರು. ಆಮೇಲಿನ ದಿನಗಳಲ್ಲಿ ಇನ್ನೊಂದು ತರಹದ ಹೆದರಿಕೆ. ಈಗ ಓಡುವವರು ಬೇರೆ, ಬೆಂಕಿ ಬೀಳುವ ಮನೆಗಳು ಬೇರೆ. ಅಕ್ಟೋಬರಿನಲ್ಲಿ ಗೌಡರು ಮರಳಿ ಬಂದರು. ಬಂದ ಮೂರನೇ ದಿನ ಹೊಸ ಸರ್ಕಾರದವರು ಡಂಗುರ ಸಾರಿದರು. ಪರವಾನಿಗೆ ಇರಲಿ ಬಿಡಲಿ, ಇದ್ದ ಬಂದೂಕನ್ನೆಲ್ಲ ಠಾಣೆಗೆ ಒಪ್ಪಿಸಬೇಕು.

ಗೌಡರು ಹೊಲಕ್ಕೆ ಬಂದರು. ಬಹಳ ಇಳಿದುಹೋಗಿದ್ದರು. “ನಾಳೆ ಹೊತ್ತು ಮುಣಗೂದ್ರೊಳಗ ಕೊಡಬೇಕು,” ಎಂದರು. “ದೀಪಾವಳಿ ಇನ್ನೂ ಮುಂದದ. ಈ ವರ್ಷದ್ದು ಒಂದು ನಿನ್ನ ಲೆಕ್ಕದಾಗ ಉಳಿದದ. ಬೇಕಾದ್ರ ನಾಳೆ ಹೊಡಕೋ.”

ಮರುದಿನ ಬೆಳಕು ಹರಿಯುವ ಮೊದಲೇ ಮಾಪಣ್ಣ ಬಂದೂಕು ಒರೆಸಿ, ಬಿಸಿಲಿಗೆ ಹಾಕಿ ಒಣಗಿಸಿದ್ದ ಮದ್ದು ಗಟ್ಟಿಸಿ, ಗುಂಡು ಇಳಿಸಿ, ಟೋಪಿ ಇಟ್ಟು ಕುಳಿತ. ಬಿತ್ತಿದ ಜೋಳ ಬೆರಳುದ್ದ ಎದ್ದಿತ್ತು. ಸೂರ್ಯ ಮೂಡುವಾಗ ಮೂರು ಎಳೆಗಂಡು ಬಂದವು. ಬಿಟ್ಟ. ಮಧ್ಯಾಹ್ನ ಹೆಣ್ಣುಗಳ ಹಿಂಡು ಬಂದು ಹೋಯಿತು. ಅವನು ನೀರು ಕುಡಿಯಲೂ ಇಳಿಯಲಿಲ್ಲ. ಮರಡಿಯ ನೆತ್ತಿ ನೋಡಿ ನೋಡಿ ಕಣ್ಣಲ್ಲಿ ನೀರಾಡಿತು.

ಹೊತ್ತು ಇಳಿಯುವಾಗ ಒಂದು ಗಂಡು ಬಂತು. ಮೂರು ಸುತ್ತಿನದು, ಬೆನ್ನು ಪೂರಾ ಕಪ್ಪಾಗಿತ್ತು. ಹದಿನೈದು ಹೆಜ್ಜೆಯಲ್ಲಿ ಮಗ್ಗುಲು ಕೊಟ್ಟು ನಿಂತಿತು. ಬೇರೆ ಯಾವನಿಗಾದರೂ ಅದೇ ಜನ್ಮದ ಬೇಟೆ. ಮಾಪಣ್ಣ ಬಂದೂಕು ಹೆಗಲಿಗೇರಿಸಿದ. ಬೆರಳು ಕುದುರೆಗೆ ಹೋಯಿತು. ಇನ್ನು ನಾಳೆ ಇಲ್ಲ, ಮುಂದಿನ ವರ್ಷ ಇಲ್ಲ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಇದನ್ನು ಈಗ ಹೊಡೆದರೆ ಈ ಏಳು ವರ್ಷ ಬಿಟ್ಟದ್ದೆಲ್ಲ ಯಾತಕ್ಕೆ? ಎರಡನೇ ವರ್ಷವೇ ಹೊಡೆಯಬಹುದಿತ್ತು. ಶೇವಂತಾ ಕೆಳಗೆ ನಿಂತು ಕೂಗಿದ ದಿನವೇ ಹೊಡೆಯಬಹುದಿತ್ತು. ಆಗ ಇಲ್ಲದ್ದು ಈಗೇಕೆ? ಬಂದೂಕು ಇಳಿಸಿದ. ಚಿಗರಿ ಇನ್ನಷ್ಟು ಹೊತ್ತು ಮೇಯ್ದು, ಬಾಲ ಅಲ್ಲಾಡಿಸಿ ಹೋಯಿತು.

ಠಾಣೆಗೆ ಮುಟ್ಟಿದಾಗ ಹೊತ್ತು ಮುಳುಗಲು ಸ್ವಲ್ಪವೇ ಇತ್ತು. ಗೌಡರು ಅಲ್ಲೇ ಕಾಯುತ್ತಿದ್ದರು. ಹೊರನಾಡಿನ ಹವಾಲ್ದಾರನೊಬ್ಬ ಬಂದೂಕು ತಿರುಗಿಸಿ ನೋಡಿ, “ಭರಾ ಹುವಾ ಹೈ. ಖಾಲಿ ಕರೋ,” ಎಂದ. ಮಾಪಣ್ಣ ಅಂಗಳದ ನಡುವೆ ಹೋಗಿ ಆಕಾಶಕ್ಕೆ ಹಾರಿಸಿದ. ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಅಂಜಿದ್ದ ಊರು; ಓಣಿಯಲ್ಲಿ ಕದಗಳು ದಡಬಡ ಮುಚ್ಚಿದವು. ಹೊಗೆ ಕರಗಿದ ಮೇಲೆ ಹವಾಲ್ದಾರ ಗೌಡರ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟ. ಮಾಪಣ್ಣನ ಹೆಸರು ಯಾರೂ ಕೇಳಲಿಲ್ಲ.

“ಸಿಗಲಿಲ್ಲೇನು?” ಎಂದರು ಗೌಡರು ದಾರಿಯಲ್ಲಿ.

“ಬರಲಿಲ್ರೀ.”

ಮನೆಯಲ್ಲಿ ಎರಡು ದಿನ ಮಲಗಿಯೇ ಇದ್ದ. ಮೂರನೇ ದಿನ, ಇದನ್ನು ಲಾಲ್ ಅಹ್ಮದ್ ಸಾಹೇಬರಿಗೆ ಹೇಳದೆ ಇರಲಾರೆ ಅನಿಸಿತು. ಚೀಟಿಯಿಲ್ಲ, ಸಾಮಾನಿನ ಕೆಲಸವಿಲ್ಲ. ಬರೀ ಹೇಳಲಿಕ್ಕೆಂದೇ ಕಲಬುರಗಿಗೆ ನಡೆದ. ಗಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಎಷ್ಟೋ ಮನೆಗೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ಅಂಗಡಿಯ ಹಲಗೆಗಳು ಕಿತ್ತುಹೋಗಿ ಒಳಗೆ ಬರೀ ಗೋಡೆ. ಹಿಂದಿನ ಮನೆಯ ಬಾಗಿಲು ಬಡಿದಾಗ ಬಹಳ ಹೊತ್ತಿಗೆ ಒಬ್ಬ ಹೆಂಗಸು ಸಂದಿನಿಂದ ನೋಡಿದಳು. ಲಾಲ್ ಅಹ್ಮದರ ಹೆಂಡತಿ ರೋಷನಬಿ. ಚಹಾ ಕಳಿಸುತ್ತಿದ್ದ ಕೈಯನ್ನಷ್ಟೇ ಅವನು ಪರದೆಯಾಚೆ ಕಂಡಿದ್ದ.

“ನಾ ಕಮಲಾಪುರದ ಮಾಪಣ್ಣ ರೀ ಅಮ್ಮಾ.”

ಬಾಗಿಲು ಇನ್ನಷ್ಟು ತೆರೆಯಿತು. “ಹೈದ್ರಾಬಾದಿಗೆ ಮಗಳ ಹತ್ರ ಹೋಗ್ತೀನಿ ಅಂತ ಹೋದ್ರು. ಬಂದೂಕಿನ ಧಂಧಾ, ಇಲ್ಲಿರೋದು ಬ್ಯಾಡ ಅಂತ ನಾನೇ ಕಳಿಸ್ದೆ. ಮುಟ್ಟಿಲ್ಲ ಅಂತ ಮಗಳು ಖತ್ ಬರ್ದಾಳ,” ಎಂದಳು. ಅವಳು ಅಳಲಿಲ್ಲ. ಅಳು ಮುಗಿದವರ ದನಿ ಅದು. ಆಮೇಲೆ ತಾನಾಗಿ ಕೇಳಿದಳು: “ನವಾಬ ಸಿಕ್ಕನೇನು?”

ಮಾಪಣ್ಣನಿಗೆ ಗಾಬರಿಯಾಯಿತು. “ನಿಮಗ ಹ್ಯಾಂಗ ಗೊತ್ರೀ?”

“ನೀ ಬಂದು ಹೋದ ದಿನ ಅದೇ ಮಾತು. ಅವ್ರು ಎಲ್ಲಾ ನನಗ ಹೇಳ್ತಿದ್ರು.”

“ಇಲ್ರೀ ಅಮ್ಮಾ. ಸಿಗಲಿಲ್ಲ,” ಎಂದ. ಕೈ ಮುಗಿದು ಹೊರಟ.

ಮರುದಿನ ಮಧ್ಯಾಹ್ನ ಅವನು ಊರಿಗೆ ಮರಳುತ್ತ ಮಹಾಗಾಂವ ಹಾಯುವಾಗ, ಕಂಕುಳಲ್ಲಿ ಒಂದು ಹೆಣ್ಣುಕೂಸನ್ನು ಎತ್ತಿಕೊಂಡ ಹೆಂಗಸು ಬಾವಿಯ ಕಡೆಯಿಂದ ಬರುತ್ತಿದ್ದಳು. ಶೇವಂತಾ. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ.

“ಬಾಯಿ ಒಣಗೇದ ನಿಂದು,” ಎಂದಳು. “ಬಾ, ನೀರು ಕುಡಿದು ಹೋಗು. ಅವರು ಮನ್ಯಾಗೇ ಅದಾರ, ಏನೂ ಅನ್ನಂಗಿಲ್ಲ.”

ದತ್ತಪ್ಪ ಒಳ್ಳೆಯ ಮನುಷ್ಯ. ಕಂಬಳಿ ಹಾಸಿದ. ರೊಟ್ಟಿ, ಪುಂಡಿಪಲ್ಲೆ ಬಂದವು. ಕೈ ತೊಳೆಯಲು ತಿರುಗಿದಾಗ ಮಾಪಣ್ಣ ಗೋಡೆ ನೋಡಿದ. ಎತ್ತಿನ ಹಗ್ಗ ನೇತುಹಾಕಿದ ಒಂದು ಜೊತೆ ಕೋಡು. ಐದು ಸುತ್ತು.

“ಶ್ರಾವಣದಾಗ ಸಿಕ್ಕಿತ್ತು,” ಎಂದ ದತ್ತಪ್ಪ. “ವಾರಗಟ್ಟಲೆ ಮಳಿ. ಎರಿಮಣ್ಣು ಗೊರಸಿಗೆ ಮೆತ್ತಿ ಓಡಾಕ ಬರಲಿಲ್ಲ ಅದಕ್ಕ. ನಮ್ಮ ಓಣಿ ನಾಯಿಗಳು ಕೆಡವಿಬಿಟ್ವು. ಮುದಿ ಪ್ರಾಣಿ, ಒಂದು ಕಿವಿ ಹರದಿತ್ತು. ಮಾಂಸ ಬರೇ ನಾರು, ಬೇಯಲಿಲ್ಲ. ಅರ್ಧ ನಾಯಿಗೇ ಹಾಕಿದ್ವಿ.”

ಮಾಪಣ್ಣ ಎದ್ದು ಹೋಗಿ ಹಗ್ಗ ಸರಿಸಿ ಕೋಡನ್ನು ಮುಟ್ಟಿದ. ಬುಡದಿಂದ ತುದಿಯವರೆಗೆ ಬೆರಳಾಡಿಸಿದ. ಠಾಣೆಯ ದಿನ ತಾನು ಮರಡಿ ನೋಡುತ್ತ ಕುಳಿತಾಗ ಇದು ಈ ಗೋಡೆಯ ಮೇಲಿತ್ತು. ಅವನು ಕುಳಿತು ಹೇಳತೊಡಗಿದ. ಮೊದಲ ವರ್ಷದ ಎಳೆಗಂಡು, ಮೂರು ದಿನದ ಮೇಲಿನ ಬೆಳಗು, ಗೌಡರಿಗೆ ಕೊಟ್ಟ ಮಾತು, ಮೊನ್ನೆಯ ಮೂರು ಸುತ್ತಿನ ಗಂಡು. ನಡುವೆ ದತ್ತಪ್ಪ ಎತ್ತಿಗೆ ನೀರು ಕುಡಿಸಲು ಎದ್ದು ಹೋದ. ಶೇವಂತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೊನೆಯವರೆಗೆ ಕೇಳಿದಳು.

“ಇದನ್ನೆಲ್ಲಾ ಆವಾಗ ನನಗ ಯಾಕ ಹೇಳಲಿಲ್ಲ?” ಎಂದಳು. “ನೀ ಬರೇ ಸಣ್ಣದಿತ್ತು, ಸಣ್ಣದಿತ್ತು ಅಂತಿದ್ದಿ.”

“ನಗ್ತೀ ಅಂದ್ಕೊಂಡೆ.”

“ನಗ್ತಿದ್ದೆ. ನಕ್ಕು, ಮರುದಿನದಿಂದ ಖಾರ ಅರೀತಿದ್ದಿಲ್ಲ. ಅಷ್ಟೇ ಆಗ್ತಿತ್ತು.”

ದತ್ತಪ್ಪ ಒಳಗೆ ಬಂದು ವಿಷಯ ತಿಳಿದು, ಕೋಡು ಬೇಕಾದರೆ ಒಯ್ಯಿ ಎಂದ. ಮಾಪಣ್ಣ ಬೇಡವೆಂದ. ಹಗ್ಗ ಹಾಕಲು ಅನುಕೂಲವಾಗಿದೆ, ಇರಲಿ ಎಂದ. ಶೇವಂತಾ ರಸ್ತೆಯವರೆಗೂ ಬಂದಳು. ಬಿಸಿಲಿಳಿಯುವ ಮೊದಲು ಊರು ಮುಟ್ಟು ಎಂದಳು.

ಬಂದೂಕು ನಾಲ್ಕು ವರ್ಷದ ಮೇಲೆ ಠಾಣೆಯಿಂದ ಮರಳಿತು. ಅಷ್ಟರಲ್ಲಿ ಅಣವೀರಪ್ಪ ಗೌಡರು ಇರಲಿಲ್ಲ, ಅವರ ಕರಾರೂ ಇರಲಿಲ್ಲ. ಮನೆಯವರು ಅದನ್ನು ಮಾಪಣ್ಣನ ಬದಲು ಇಟ್ಟುಕೊಂಡ ಹೊಸ ಕಾವಲುಗಾರನಿಗೆ ಕೊಟ್ಟರು. ಅವನು ಎದುರಿಗೆ ಬಂದದ್ದನ್ನು ಹೊಡೆಯುತ್ತಿದ್ದ. ಕೇರಿಯವರು ಮಾಪಣ್ಣನಿಗೂ ಒಂದು ಪಾಲು ಕಳಿಸುತ್ತಿದ್ದರು. ಅವನು ತಾನೇ ಬೇಯಿಸಿಕೊಂಡು ತಿನ್ನುತ್ತಿದ್ದ, ಎಳೆಯದು, ರುಚಿಯಾಗಿತ್ತು ಎನ್ನುತ್ತಿದ್ದ. ಕಲಬುರಗಿಗೆ ಮೂರು ನಾಲ್ಕು ಸಲ ಹೋಗಿ ರೋಷನಬಿಯ ಬಾಗಿಲಲ್ಲಿ ನಿಂತು ಬಂದ. ಲಾಲ್ ಅಹ್ಮದರ ಸುದ್ದಿ ಎಂದೂ ಬರಲಿಲ್ಲ. ಹೈದರಾಬಾದ್ ರಾಜ್ಯ ಒಡೆದು ಕಮಲಾಪುರ ಕನ್ನಡ ನಾಡಿಗೆ ಸೇರಿದ ವರ್ಷವೂ ಅವನು ಬೇರೆಯವರ ತೊಗರಿ ಕಾಯುತ್ತಿದ್ದ, ಬರೀ ಕವಣೆ ಹಿಡಿದು. ಆಗ ಅವನು ಮಾತುಗಾರನಾಗಿದ್ದ. ದಾರಿಹೋಕರನ್ನು ಕರೆದು ಕೂಡಿಸಿ, ಕಂಡದ್ದು, ಬಿಟ್ಟದ್ದು ಎಲ್ಲ ಹೇಳುತ್ತಿದ್ದ. ಆದರೆ ಮರಡಿಯ ಕೆಳಗಿನ ಆ ದಾರಿಯಲ್ಲಿ ಜನ ಓಡಾಡುವುದೇ ಕಡಿಮೆ.